ಜೂನ್ ತನಕ ನರಿ ಬಿಲದ ಹತ್ತಿರ ಜೆಸಿಬಿ ಬೇಡ

ಸಂಪಾದಕರಿಗೆ ನಮಸ್ಕಾರ,

ಮಾರ್ಚ್ ಕೊನೆಯಲ್ಲಿ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಹೊಲದ ಬದುವಿನಲ್ಲಿ ಸಿಕ್ಕ ಮೂರು ನರಿ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡು ಇಬ್ಬರು ಹುಡುಗರು ನಿಂತಿದ್ದರು. ಕೆಳಗೆ ‘ತಾಯಿ ಬಿಟ್ಟುಹೋದ ಮರಿಗಳ ರಕ್ಷಣೆ’ ಅಂತ ಬರೆದಿತ್ತು. ಹುಡುಗರ ಮನಸ್ಸು ಒಳ್ಳೆಯದೇ, ಅವರನ್ನು ಬಯ್ಯಲು ಈ ಪತ್ರ ಬರೆಯುತ್ತಿಲ್ಲ. ಆದರೆ ಆ ಮರಿಗಳನ್ನು ತಾಯಿ ಬಿಟ್ಟುಹೋಗಿತ್ತು ಅನ್ನುವುದನ್ನು ನಾನು ನಂಬುವುದಿಲ್ಲ. ಮಾರ್ಚ್ ತಿಂಗಳ ಹಗಲಲ್ಲಿ ನರಿ ಮರಿಗಳು ಬಿಲದ ಬಾಯಲ್ಲಿ ತಾವಷ್ಟೇ ಆಡಿಕೊಂಡಿರುವುದು ತೀರಾ ಮಾಮೂಲು. ದೊಡ್ಡವು ಎಲ್ಲೋ ಹತ್ತಿರದ ಪೊದೆಯ ನೆರಳಲ್ಲಿ ಮಲಗಿರುತ್ತವೆ, ಇಲ್ಲಾ ಮನುಷ್ಯರ ಸದ್ದು ಕೇಳಿ ದೂರ ಸರಿದು ನೋಡುತ್ತಿರುತ್ತವೆ. ನಮ್ಮ ಕಣ್ಣಿಗೆ ಕಾಣಲಿಲ್ಲ ಅಂದ ಮಾತ್ರಕ್ಕೆ ಮರಿಗಳು ಅನಾಥ ಆಗುವುದಿಲ್ಲ, ಅಲ್ವಾ?

ಇಂಥ ಸುದ್ದಿ ಪ್ರತಿ ಬೇಸಿಗೆಯಲ್ಲೂ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ನರಿ ಯಾವಾಗ ಕೂಡುತ್ತದೆ, ಯಾವಾಗ ಮರಿ ಹಾಕುತ್ತದೆ, ಮರಿ ಎಷ್ಟು ದಿನ ಬಿಲದಲ್ಲಿರುತ್ತದೆ ಅನ್ನುವುದು ಕುರಿಗಾಹಿಗಳಿಗೆ ಗೊತ್ತು. ಬದು ಕಟ್ಟಿಸುವವರಿಗೆ, ಗಿಡ ನೆಡಿಸುವವರಿಗೆ, ಪೇಪರಿನಲ್ಲಿ ಬರೆಯುವವರಿಗೆ ಗೊತ್ತಿಲ್ಲ. ಅದನ್ನೇ ಸ್ವಲ್ಪ ಬಿಡಿಸಿ ಬರೆಯೋಣ ಅನ್ನಿಸಿತು. ಪತ್ರ ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಹೇಳುತ್ತಿರುವುದು ಬಯಲುಸೀಮೆಯ ಸಣ್ಣ ನರಿಯ ಬಗ್ಗೆ. ರಾತ್ರಿ ಊರ ಹೊರಗೆ ಗುಂಪು ಕಟ್ಟಿಕೊಂಡು ಊಳಿಡುವ ನರಿ ಬೇರೆ ಜಾತಿಯದು. ಇದು ಎರಡರಿಂದ ಮೂರೂವರೆ ಕೆಜಿ ತೂಗುವ ಪ್ರಾಣಿ. ಬೂದು ಮೈ, ಸಪೂರ ಕಾಲು, ಎದ್ದು ನಿಂತ ಕಿವಿ, ತುಂಬಿಕೊಂಡ ಬಾಲ, ಬಾಲದ ತುದಿ ಮಾತ್ರ ಕಪ್ಪು. ವಿಜ್ಞಾನಿಗಳು ವಲ್ಪಸ್ ಬೆಂಗಾಲೆನ್ಸಿಸ್ ಅನ್ನುತ್ತಾರೆ. ನಮ್ಮ ಉಪಖಂಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಿಮಾಲಯದ ತಪ್ಪಲಿನಿಂದ ದಕ್ಷಿಣದ ತುದಿವರೆಗೂ ಹರಡಿದೆ, ಆದರೆ ದಟ್ಟ ಕಾಡು ಅದಕ್ಕೆ ಆಗಿಬರುವುದಿಲ್ಲ. ಮಲೆನಾಡಿನವರು ಇದನ್ನು ನೋಡಿರುವುದು ಕಡಿಮೆ. ಕೊಪ್ಪಳ, ಗದಗ, ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಒಣ ತಾಲೂಕುಗಳು, ಅಲ್ಲಿನ ಗಾಯರಾಣ, ಗೋಮಾಳ, ಕಾವಲು, ಪಾಳು ಬಿದ್ದ ಮಸಾರಿ ಹೊಲ, ಇವೇ ಅದರ ಊರು.

ಈಗ ಅದರ ವರ್ಷ ನೋಡೋಣ. ನಮ್ಮ ಹಬ್ಬಗಳ ಲೆಕ್ಕದಲ್ಲೇ ಹೇಳಿದರೆ ನೆನಪಿಡಲು ಸುಲಭ.

ಕಾರ್ತೀಕ ಮುಗಿದು ಚಳಿ ಬಿಗಿಯುವ ಹೊತ್ತಿಗೆ ಗಂಡು ನರಿಯ ಕೂಗು ಜಾಸ್ತಿಯಾಗುತ್ತದೆ. ಸಂಜೆ, ರಾತ್ರಿ, ಕೆಲವೊಮ್ಮೆ ಬೆಳಗ್ಗೆ ಬಿಸಿಲೇರುವ ತನಕವೂ ಕೂಗುತ್ತದೆ. ಊಳಿಡುವುದಲ್ಲ, ಬಿಟ್ಟು ಬಿಟ್ಟು ಒದರುವುದು. ಎಳ್ಳಮಾವಾಸ್ಯೆಗೆ ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತೇವಲ್ಲ, ಆ ಡಿಸೆಂಬರ್, ಜನವರಿ ದಿನಗಳೇ ಅವು ಕೂಡುವ ಕಾಲ. ವರ್ಷಕ್ಕೆ ಒಂದೇ ಸಲ. ಗಬ್ಬ 50ರಿಂದ 53 ದಿನ. ಬೇಗ ಕೂಡಿದವು ಜನವರಿ ಕೊನೆಗೇ ಮರಿ ಹಾಕುತ್ತವೆ, ತಡವಾದವು ಮಾರ್ಚ್‌ನಲ್ಲಿ. ಶಿವರಾತ್ರಿ, ಹೋಳಿ ಹುಣ್ಣಿಮೆ ಹೊತ್ತಿಗೆ ಯಾವುದಾದರೂ ಗಾಯರಾಣದಲ್ಲಿ ಬಾಳಿಕೆಯಲ್ಲಿರುವ ಬಿಲ ಕಂಡರೆ ಒಳಗೆ ಮರಿ ಇದೆ ಅಂತಲೇ ತಿಳಿಯಬೇಕು. ಒಂದು ಸೂಲಿಗೆ ಎರಡರಿಂದ ನಾಲ್ಕು ಮರಿ.

ಮರಿಗಳು ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಸುಮಾರು ಒಂದು ತಿಂಗಳು ಬಿಲದ ಒಳಗೇ ಇರುತ್ತವೆ. ಯುಗಾದಿ ಸುತ್ತಮುತ್ತ ಮೂತಿ ಹೊರಗೆ ಹಾಕುತ್ತವೆ. ಆಮೇಲೆ ಬಿಲದ ಬಾಯಲ್ಲೇ ಅವುಗಳ ಕುಸ್ತಿ, ಕಚ್ಚಾಟ, ಬಾಲ ಹಿಡಿದು ಎಳೆದಾಟ. ಮೂರು ನಾಲ್ಕು ತಿಂಗಳಿಗೆ ಹಾಲು ಬಿಡುತ್ತವೆ. ರೋಹಿಣಿ ಮಳೆ ಬಂದು, ಮೃಗಶಿರ ಹಿಡಿದು, ಕಾರಹುಣ್ಣಿಮೆಗೆ ಎತ್ತು ಓಡಿಸುವ ಹೊತ್ತಿಗೆ ಮರಿಗಳು ಬಿಲ ಬಿಟ್ಟು ಒಂದೊಂದು ದಿಕ್ಕಿಗೆ ಹೊರಡುತ್ತವೆ. ಅಂದರೆ ಜನವರಿಯಿಂದ ಜೂನ್ ತನಕ, ಹತ್ತಿರ ಹತ್ತಿರ ಅರ್ಧ ವರ್ಷ, ಬಿಲ ಅನ್ನುವುದು ಬಾಣಂತಿ ಮನೆ. ಉಳಿದ ಅರ್ಧ ವರ್ಷ ನರಿಗೆ ಬಿಲ ಅಷ್ಟಾಗಿ ಬೇಡ. ಬಿಸಿಲಿಗೆ ಒಳಗೆ ಹೋಗಿ ಮಲಗಬಹುದು, ಅಷ್ಟೇ. ಪೊದೆಯ ಬುಡದಲ್ಲೂ ಅದಕ್ಕೆ ನಡೆಯುತ್ತದೆ.

ಇದನ್ನೆಲ್ಲ ನಾನು ಸುಮ್ನೆ ಕಟ್ಟಿ ಹೇಳುತ್ತಿಲ್ಲ. ಬಂಡೀಪುರದ ಸೀಳುನಾಯಿಗಳ ಅಧ್ಯಯನಕ್ಕೆ ಹೆಸರಾದ ಎ.ಜೆ.ಟಿ. ಜಾನ್‌ಸಿಂಗ್ ಅವರು ಈ ಸಣ್ಣ ನರಿಯ ಬದುಕಿನ ಬಗ್ಗೆಯೂ 1978ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ಹುಲಿ, ಆನೆ ಬಗ್ಗೆ ಬರೆದಷ್ಟು ಯಾರೂ ನರಿ ಬಗ್ಗೆ ಬರೆಯುವುದಿಲ್ಲ. ಬರೆದ ಕೆಲವರನ್ನು ನಾವು ಓದುವುದೂ ಇಲ್ಲ.

ಒಂದು ತಮಾಷೆ ಹೇಳುತ್ತೇನೆ. ಊರಿನ ಶಾಲೆಯ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆ ಅಂತ ‘ನರಿ ಯಾವಾಗ ಮರಿ ಹಾಕುತ್ತದೆ’ ಎಂದು ಮೊಬೈಲಿನಲ್ಲಿ ಹುಡುಕಿದಳು. ಮಾರ್ಚ್, ಏಪ್ರಿಲ್, ವಸಂತ ಋತು ಅಂತ ಉತ್ತರ ಬಂತು. ಜೊತೆಗೆ ಹಸಿರು ಹುಲ್ಲಿನ ಮೇಲೆ ಕೆಂಪು ನರಿಯ ಚಿತ್ರ. ಅದು ಇಂಗ್ಲೆಂಡಿನ ನರಿ. ಅಲ್ಲಿ ಜನವರಿ ಚಳಿಯಲ್ಲಿ ಕೂಡುತ್ತವೆ. ಲಂಡನ್‌ನಲ್ಲಿರುವ ನಮ್ಮ ಕಡೆಯವರು, ರಾತ್ರಿ ಹೆಂಗಸು ಚೀರಿದ ಹಾಗೆ ಕೇಳಿ ಗಾಬರಿಯಾಯಿತು, ಆಮೇಲೆ ನೋಡಿದರೆ ನರಿಯಂತೆ ಅಂತ ಹೇಳುವುದು ಇದೇ ಕಾಲದ ಕೂಗನ್ನು. ಅದರ ಗಬ್ಬವೂ ಹೆಚ್ಚುಕಮ್ಮಿ ನಮ್ಮ ನರಿಯಷ್ಟೇ ದಿನ, ಮರಿ ಹುಟ್ಟುವುದು ಮಾರ್ಚ್, ಏಪ್ರಿಲ್‌ನಲ್ಲಿ. ಅಲ್ಲಿ ಮರಿ ಹೊರಗೆ ಬಂದಾಗ ಹಿಮ ಕರಗಿ ಚಿಗುರು ಬಂದಿರುತ್ತದೆ. ನಮ್ಮ ನರಿಯ ಮರಿ ಹೊರಗೆ ಬರುವುದು ನೆಲ ಕಾದು ಕೆಂಡವಾಗಿರುವಾಗ. ಆ ಹುಡುಗಿ ಪ್ರಾಜೆಕ್ಟಿನಲ್ಲಿ ಇಂಗ್ಲೆಂಡಿನ ನರಿಯನ್ನೇ ಅಂಟಿಸಿ ಮಾರ್ಕ್ಸ್ ತೆಗೆದುಕೊಂಡಳು. ಅವಳ ಮನೆ ಹಿಂದಿನ ಗಾಯರಾಣದಲ್ಲೇ ನರಿ ಇದೆ.

ಸುಡುಬಿಸಿಲಲ್ಲಿ ಮರಿ ಸಾಕುವುದು ಯಾಕೆ ಅಂತ ನಿಮಗೂ ಅನ್ನಿಸಬಹುದು. ನನಗೆ ತೋಚುವುದು ಇಷ್ಟು. ಜನವರಿ, ಫೆಬ್ರುವರಿಯಲ್ಲಿ ಬಾರೆ ಹಣ್ಣು ಬಿದ್ದಿರುತ್ತದೆ. ಹಿಂಗಾರಿ ಜೋಳ, ಕಡಲೆ ಕೊಯ್ಲಾಗಿ ಹೊಲ ಬಯಲಾದಾಗ ಇಲಿ ಹಿಡಿಯುವುದು ಸುಲಭ. ಗಬ್ಬದ ಹೆಣ್ಣಿಗೂ ಹಾಲೂಡುವ ಹೆಣ್ಣಿಗೂ ಅದು ಬೇಕು. ಮಳೆಗಾಲದಲ್ಲಾದರೆ ಬಿಲಕ್ಕೆ ನೀರು ನುಗ್ಗುತ್ತದೆ, ಈಗ ಆ ಹೆದರಿಕೆ ಇಲ್ಲ. ಹೊರಗೆ 40 ಡಿಗ್ರಿ ಇದ್ದರೂ ಮಣ್ಣಿನ ಒಳಗೆ ತಂಪು. ಇನ್ನು ಮರಿಗಳು ಬಿಲ ಬಿಟ್ಟು ತಮ್ಮ ಹೊಟ್ಟೆ ತಾವು ನೋಡಿಕೊಳ್ಳಬೇಕಾದ ಹೊತ್ತಿಗೆ ಸರಿಯಾಗಿ ಮುಂಗಾರು ಬರುತ್ತದೆ. ಮಳೆಹುಳು ಏಳುತ್ತವೆ, ಗೆದ್ದಲು, ಮಿಡತೆ, ಏಡಿ, ಓತಿಕ್ಯಾತ ಎಲ್ಲಾ ಸಿಗುತ್ತವೆ. ಬೇಟೆ ಬರದ ಮರಿಗೂ ಮಳೆಹುಳು ಹಿಡಿಯಲು ಬರುತ್ತದೆ. ಎಷ್ಟು ಚೆನ್ನಾಗಿ ಹೊಂದಿಸಿಕೊಂಡಿದೆ ನೋಡಿ.

ಮರಿ ಸಾಕುವುದು ತಾಯಿ ಒಂದೇ ಅಲ್ಲ. ಗಂಡೂ ಸೇರುತ್ತದೆ. ಬಿಲದ ಕಾವಲಿಗೂ ನಿಲ್ಲುತ್ತದೆ, ತಿನ್ನಲೂ ತರುತ್ತದೆ. ಹಾಗಾಗಿ ಒಂದು ನರಿಯನ್ನು ನಾಯಿ ಕೊಂದರೆ, ಅಥವಾ ರಸ್ತೆಯಲ್ಲಿ ಲಾರಿಗೆ ಸಿಕ್ಕಿದರೆ, ಉಳಿದ ಒಂದರ ಮೇಲೆ ಪೂರ್ತಿ ಭಾರ ಬೀಳುತ್ತದೆ. ಮಾರ್ಚ್‌ನಲ್ಲಿ ರಸ್ತೆ ಮೇಲೆ ಸತ್ತ ಒಂದು ನರಿ ಅಂದರೆ ಲೆಕ್ಕ ಒಂದಕ್ಕೇ ಮುಗಿಯುವುದಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಾವು ಮನುಷ್ಯರು ಬಯಲಿನಲ್ಲಿ ಮಣ್ಣು ಅಗೆಯುವುದು ಯಾವಾಗ? ಇದೇ ತಿಂಗಳುಗಳಲ್ಲಿ! ಸುಗ್ಗಿ ಮುಗಿದಿರುತ್ತದೆ, ಹೊಲದಲ್ಲಿ ಬೆಳೆ ಇರುವುದಿಲ್ಲ, ಕೂಲಿಗೆ ಜನ ಸಿಗುತ್ತಾರೆ. ಉದ್ಯೋಗ ಖಾತ್ರಿಯ ಬದು ಕೆಲಸ ಬೇಸಿಗೆಯಲ್ಲಿ. ಕೃಷಿ ಹೊಂಡ ಬೇಸಿಗೆಯಲ್ಲಿ. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡಬೇಕಲ್ಲ, ಅದಕ್ಕೆ ಗುಂಡಿ, ಟ್ರೆಂಚ್ ಹೊಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಳೆ ಬದು ಕಿತ್ತು ಹೊಲ ಸಮ ಮಾಡುವುದೂ ಆಗಲೇ. ಇದರಲ್ಲಿ ಯಾವುದೂ ಬೇಡದ ಕೆಲಸ ಅಂತ ನಾನು ಹೇಳುವುದಿಲ್ಲ, ನಾನೂ ರೈತನೇ. ಆದರೆ ನರಿ ಬಿಲ ತೋಡುವುದು ಇದೇ ಬದುಗಳಲ್ಲಿ, ಇದೇ ಗಾಯರಾಣದ ಸ್ವಲ್ಪ ಎತ್ತರದ ಗರಸು ನೆಲದಲ್ಲಿ. ಒಮ್ಮೆ ಒಗ್ಗಿದ ಬಿಲವನ್ನು ವರ್ಷ ವರ್ಷ ಬಳಸುತ್ತದೆ. ನಾಲ್ಕೈದು ಬಾಯಿ ಇರುವ ಬಿಲಗಳು ಒಂದೆರಡು ವರ್ಷದಲ್ಲಿ ಆದವಲ್ಲ.

ಹೋದ ಬೇಸಿಗೆಯಲ್ಲಿ ನಮ್ಮೂರ ಗಾಯರಾಣದಲ್ಲಿ ಸಸಿ ನೆಡಲು ಜೆಸಿಬಿ ತಂದು ಟ್ರೆಂಚ್ ಹೊಡೆಸಿದರು. ಯಾರು ಹೊಡೆಸಿದರು ಅನ್ನುವುದು ಇಲ್ಲಿ ಬೇಡ, ಯಾರೇ ಆಗಿದ್ದರೂ ಹೀಗೇ ಮಾಡುತ್ತಿದ್ದರು. ಕುರಿ ಕಾಯುವ ಅಜ್ಜ ಮೊದಲೇ ಹೋಗಿ, ಆ ದಿಬ್ಬದ ಹತ್ತಿರ ನರಿ ಗುದ್ದು ಐತಿ, ಮರಿ ಅದಾವ, ಒಂದು ನಾಲ್ಕು ಮಾರು ಆಚೆ ಹೊಡೀರಪ್ಪ ಅಂದಿದ್ದ. ಡ್ರೈವರ್ ಹುಡುಗ ಪಾಪ, ನನಗೆ ಸುಣ್ಣದ ಗೆರೆ ಹಾಕಿ ಕೊಟ್ಟಾರ ಕಾಕಾ, ಗೆರೆ ಬಿಟ್ಟು ಹೋದರೆ ಬಿಲ್ ಆಗಲ್ಲ ಅಂದ. ಗೆರೆ ಹಾಕಿದವರು ಅಲ್ಲಿರಲಿಲ್ಲ, ಫೋನ್ ಎತ್ತಲಿಲ್ಲ. ಟ್ರೆಂಚಿನ ಮಣ್ಣು ಬಿಲದ ಮೂರು ಬಾಯಿಗಳ ಮೇಲೆ ಬಿತ್ತು. ಮರುದಿನ ಬೆಳಗ್ಗೆ ನೋಡಿದರೆ ಒಂದು ಕಡೆ ಹೊಸದಾಗಿ ಕೆದರಿದ ಗುರುತು ಇತ್ತು. ಮರಿಗಳನ್ನು ಎಳೆದುಕೊಂಡು ಹೋಯಿತೋ, ಒಳಗೇ ಉಳಿದವೋ, ನೋಡಿದವರಿಲ್ಲ. ಆ ದಿಬ್ಬದಲ್ಲಿ ಈ ವರ್ಷ ನರಿ ಇಲ್ಲ. ಸಸಿಗಳೂ ಇಲ್ಲ, ನೀರಿಲ್ಲದೆ ದೀಪಾವಳಿ ಹೊತ್ತಿಗೇ ಒಣಗಿದವು. ಟ್ರೆಂಚ್ ಮಾತ್ರ ಇದೆ, ದನ ಕಾಲು ಸಿಕ್ಕಿಸಿಕೊಳ್ಳಲು.

ನಾಲ್ಕು ಮಾರು ಆಚೆ ಹೊಡೆದಿದ್ದರೆ ಸರ್ಕಾರಕ್ಕೆ ಏನು ಕಡಿಮೆ ಬೀಳುತ್ತಿತ್ತು? ಅಥವಾ ಆ ದಿಬ್ಬದ ತುಂಡನ್ನು ಜುಲೈಗೆ ಬಿಟ್ಟಿದ್ದರೆ? ಮೃಗಶಿರ ಕಳೆದ ಮೇಲೆ ಬಿಲ ಖಾಲಿ. ನೆಲವೂ ಮೆತ್ತಗಾಗಿರುತ್ತದೆ, ಡೀಸೆಲ್ಲೂ ಕಡಿಮೆ ಬೇಕು.

ಬಯಲು ಅಂದರೆ ಬಂಜರು ಅನ್ನುವ ಲೆಕ್ಕ ನಮ್ಮ ದಾಖಲೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಮರ ಇಲ್ಲದ ಜಾಗ ಕಂಡರೆ ಏನಾದರೂ ತುಂಬಿಸಬೇಕು ಅನ್ನಿಸುತ್ತದೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಬಯಲಿಗೇ ನೀಲಗಿರಿ ತುಂಬಿಸಿದ್ದನ್ನು ನೋಡಿದ್ದೇವೆ. ಚಳ್ಳಕೆರೆ ಬಳಿ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಪಾವಗಡದಲ್ಲಿ ಸುಮಾರು 13,000 ಎಕರೆ ಸೋಲಾರ್ ಹಲಗೆ ಬಂದಿದೆ. ಅವುಗಳ ಸರಿ ತಪ್ಪು ಈ ಪತ್ರದಲ್ಲಿ ಎತ್ತಿದರೆ ನರಿ ಮರೆತುಹೋಗುತ್ತದೆ. ನಾನು ಹೇಳುವುದು ಇಷ್ಟೇ. ದೊಡ್ಡ ಬಯಲು ಚೂರಾದಷ್ಟೂ ನರಿ ನಮ್ಮ ಬದುಗಳಿಗೆ, ರಸ್ತೆ ಪಕ್ಕಕ್ಕೆ ಬಂದು ಮರಿ ಹಾಕುತ್ತದೆ. ಸೊಲ್ಲಾಪುರದ ಹತ್ತಿರ ನಾನ್ನಜ್ ಸುತ್ತಮುತ್ತ ನಡೆದ ಅಧ್ಯಯನದಲ್ಲಿ, ಬಿಲಕ್ಕೆ ನರಿ ಮೊದಲು ಆರಿಸಿಕೊಳ್ಳುವುದು ಸಹಜ ಹುಲ್ಲುಗಾವಲನ್ನೇ ಅಂತ ಸ್ಪಷ್ಟವಾಗಿ ಕಂಡಿತ್ತು. ಅದು ಸಿಗದಿದ್ದರೆ ತಾನೇ ಬದುವಿನ ಮಾತು.

ಅದೇ ನಾನ್ನಜ್ ಬಯಲಿನಲ್ಲಿ ನರಿಗಳಿಗೆ ರೇಡಿಯೊ ಕಾಲರ್ ಹಾಕಿ ಅವುಗಳ ಓಡಾಟ ನೋಡಿದವರು ಅಬಿ ತಮೀಮ್ ವನಕ್. ಮುಂದೆ ಅವರು ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರಿ ಸಂಸ್ಥೆ ಸೇರಿದರು. ಅವರ ತಂಡ ಕಂಡುಕೊಂಡದ್ದರಲ್ಲಿ ನಾಯಿಗಳ ವಿಷಯ ನಮಗೆ ತುಂಬಾ ಮುಖ್ಯ. ನಾಯಿ ನರಿಯನ್ನು ಕೊಲ್ಲದಿದ್ದರೂ ಸರಿ, ಹತ್ತಿರದಲ್ಲಿ ಇದ್ದರೆ ಸಾಕು, ನರಿ ಎದುರಿಗೆ ಇಟ್ಟ ಆಹಾರವನ್ನೂ ಸರಿಯಾಗಿ ತಿನ್ನುವುದಿಲ್ಲ. ತಲೆ ಎತ್ತಿ ಎತ್ತಿ ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಹಾಲೂಡುವ ಹೆಣ್ಣು ನರಿಗೆ ದಿನವೂ ಹೀಗಾದರೆ ಮರಿಗಳ ಗತಿ ಏನು? ಇದರ ಮೇಲೆ ರೋಗ ಬೇರೆ. ಡಿಸ್ಟೆಂಪರ್, ಪಾರ್ವೊ, ಹುಚ್ಚುನಾಯಿ ರೋಗ ಎಲ್ಲವೂ ನಾಯಿಯಿಂದ ನರಿಗೆ ದಾಟಬಲ್ಲವು. ನಮ್ಮ ಹಳ್ಳಿಗಳಲ್ಲಿ ಈಗ ನಾಯಿ ಎಷ್ಟಾಗಿವೆ ಅಂತ ನಿಮಗೇ ಗೊತ್ತು. ಕೋಳಿ ಅಂಗಡಿಯವರು ಕಸ ತಂದು ಊರ ಹೊರಗಿನ ಗಾಯರಾಣದಲ್ಲಿ ಸುರಿಯುತ್ತಾರೆ, ಅಲ್ಲೇ ನಾಯಿ ಹಿಂಡು ಬೀಡು ಬಿಡುತ್ತದೆ, ಅದರಿಂದ ಕೂಗಳತೆ ದೂರದಲ್ಲಿ ನರಿ ಬಿಲ. ಪಂಚಾಯಿತಿಯವರು ನಾಯಿಗಳಿಗೆ ಲಸಿಕೆ ಹಾಕಿಸುವುದಾದರೆ ದಯವಿಟ್ಟು ನವೆಂಬರ್ ಒಳಗೆ ಹಾಕಿಸಿ. ಮರಿ ಹುಟ್ಟುವ ಮೊದಲೇ ಆದರೆ ನಮ್ಮ ಮಕ್ಕಳಿಗೂ ಒಳ್ಳೆಯದು, ನರಿ ಮರಿಗೂ ಒಳ್ಳೆಯದು. ಕೋಳಿ ಕಸದ ವಿಷಯಕ್ಕೆ ಲಸಿಕೆ ಇಲ್ಲ, ದಂಡವೇ ಬೇಕು.

ಸಂಕ್ರಾಂತಿ ಬಗ್ಗೆಯೂ ಒಂದು ಮಾತು. ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅನ್ನುವುದು ನಮ್ಮಲ್ಲೂ ಇದೆ. ತಮಿಳುನಾಡಿನ ಸೇಲಂ ಜಿಲ್ಲೆ ವಾಳಪ್ಪಾಡಿ ಸುತ್ತಿನ ಹಳ್ಳಿಗಳಲ್ಲಿ ಇದು ಇನ್ನೂ ಮುಂದೆ ಹೋಗಿ, ಪೊಂಗಲ್ ಸಮಯದಲ್ಲಿ ನರಿಯನ್ನು ಬಲೆ ಹಾಕಿ ಹಿಡಿದು, ಮೆರವಣಿಗೆ ಮಾಡಿ, ಓಡಿಸಿ ಬಿಡುವ ಪದ್ಧತಿ ಬೆಳೆದಿದೆ. ಅರಣ್ಯ ಇಲಾಖೆ ಅಲ್ಲಿ ಎಚ್ಚರಿಕೆ ಕೊಡುತ್ತದೆ, ದಂಡವನ್ನೂ ಹಾಕಿದೆ. ಬಿಡುತ್ತೇವಲ್ಲ, ಕೊಲ್ಲುವುದಿಲ್ಲವಲ್ಲ ಅನ್ನುತ್ತಾರೆ. ಜನವರಿ ಮಧ್ಯದಲ್ಲಿ ಬಲೆಗೆ ಬಿದ್ದ ಹೆಣ್ಣು ನರಿಯ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ಮೇಲಿನ ಲೆಕ್ಕ ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಮುಖ ನೋಡಬೇಕಾದರೆ ದೂರದಿಂದ ನೋಡಿ, ಅದೃಷ್ಟ ಅಷ್ಟೇ ಬರುತ್ತದೆ.

ದೂರದಿಂದ ಅಂದಾಗ ಕ್ಯಾಮೆರಾದವರು ನೆನಪಾದರು. ಇತ್ತೀಚೆಗೆ ಏಪ್ರಿಲ್ ಬಂದರೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಕಾರುಗಳು ಬರುತ್ತವೆ. ಮರಿಗಳು ಆಡುವ ಫೋಟೊ ಬೇಕು. ಒಬ್ಬರು ಬಂದು ಅರ್ಧ ತಾಸು ಕೂತು ಹೋದರೆ ತೊಂದರೆ ಇಲ್ಲ. ಆದರೆ ಅವರು ಜಾಗದ ಲೊಕೇಶನ್ ಗುಂಪಿಗೆ ಕಳಿಸುತ್ತಾರೆ. ಮುಂದಿನ ಭಾನುವಾರ ನಾಲ್ಕು ಕಾರು. ಬಿಲದಿಂದ ಹತ್ತು ಹೆಜ್ಜೆಗೆ ಮಲಗಿಕೊಂಡು ಲೆನ್ಸ್ ಹಿಡಿಯುತ್ತಾರೆ, ಮರಿ ಹೊರಗೆ ಬರಲಿ ಅಂತ ಬಿಸ್ಕೆಟ್ ಎಸೆಯುತ್ತಾರೆ. ದೊಡ್ಡ ನರಿ ಕತ್ತಲಾಗುವ ತನಕ ಹತ್ತಿರ ಬರುವುದಿಲ್ಲ. ಕಾಟ ಜಾಸ್ತಿಯಾದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ಆ ದಾರಿಯಲ್ಲೇ ನಾಯಿಗಳು ಕಾಯುತ್ತಿರುತ್ತವೆ. ನಿಮ್ಮ ಪತ್ರಿಕೆ ಇಂಥ ಫೋಟೊ ಹಾಕುವಾಗ ಊರಿನ ಹೆಸರು, ಸರ್ವೆ ನಂಬರ್ ತನಕ ಬರೆಯುವುದನ್ನಾದರೂ ಬಿಡಿ. ‘ಕೊಪ್ಪಳ ಜಿಲ್ಲೆ’ ಅಂದರೆ ಸಾಕಲ್ವಾ?

ನರಿಯಿಂದ ರೈತರಿಗೆ ಹಾನಿ ಇಲ್ಲವೇ ಅಂತ ಕೇಳುವವರಿದ್ದಾರೆ. ಇದೆ, ಸ್ವಲ್ಪ. ಕಲ್ಲಂಗಡಿ ಹಣ್ಣಾದಾಗ ಒಂದೆರಡು ಕಚ್ಚುತ್ತದೆ. ಊರಂಚಿನ ಮನೆಯ ಕೋಳಿ ಮರಿಗೂ ಆಸೆ ಪಡಬಹುದು. ಕುರಿಮರಿ ಹೊತ್ತೊಯ್ಯಿತು ಅನ್ನುವುದು ಮಾತ್ರ ನರಿ ಮೇಲೆ ಹಾಕುವ ಸುಳ್ಳು ಕೇಸು. ಮೂರು ಕೆಜಿ ಪ್ರಾಣಿ ಅದಕ್ಕಿಂತ ಭಾರದ ಮರಿಯನ್ನು ಎಲ್ಲಿಗೆ ಹೊರುತ್ತದೆ? ಅದು ತೋಳದ ಕೆಲಸ, ಇಲ್ಲಾ ನಾಯಿ ಹಿಂಡಿನದು. ಇನ್ನೊಂದು ಕಡೆ ನೋಡಿ. ಬೇಸಿಗೆಯಲ್ಲಿ ಬಿಲದ ಬಾಯಲ್ಲಿ ಬಿದ್ದಿರುವುದನ್ನು ಗಮನಿಸಿದರೆ ಇಲಿಯ ಬಾಲ, ಇಲಿಯ ತೊಗಲು ಜಾಸ್ತಿ ಕಾಣುತ್ತವೆ. ಎರಡು ದೊಡ್ಡ ನರಿ, ಮೂರು ನಾಲ್ಕು ಬೆಳೆಯುವ ಮರಿ ಇರುವ ಮನೆಗೆ ರಾತ್ರಿಗೆ ಎಷ್ಟು ಇಲಿ ಬೇಕು ಅಂತ ನೀವೇ ಲೆಕ್ಕ ಹಾಕಿ. ನಮ್ಮ ಬದುವಿನ ಇಲಿಗಳೇ ಅವು. ಇಲಿ ಪಾಷಾಣಕ್ಕೆ ದುಡ್ಡು ಕೊಡುವ ನಾವು ಪುಕ್ಕಟೆ ಬಂದ ಕೆಲಸಗಾರನನ್ನು ಜೆಸಿಬಿಯಿಂದ ಮುಚ್ಚುತ್ತೇವೆ.

ಕಾನೂನು ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಈ ನರಿಯನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಅಪರಾಧ. ಆದ್ದರಿಂದ ಡಬ್ಬದಲ್ಲಿ ಮರಿ ಇಟ್ಟುಕೊಂಡು ಫೋಟೊ ತೆಗೆಸಿಕೊಂಡ ಹುಡುಗರಿಗೆ ತೊಂದರೆಯೂ ಆಗಬಹುದಿತ್ತು. ನಿಮ್ಮ ವರದಿಗಾರರು ಅವರ ಹೆಸರನ್ನೂ ಹಾಕಿದ್ದರು! ಆದರೆ ಕಾನೂನಿಗಿಂತ ಮೊದಲು ಬೇಕಾದದ್ದು ಗುರುತು ಹಿಡಿಯುವ ಕಣ್ಣು. ಬಿಲದಲ್ಲಿ ಮರಿ ಇದೆಯೋ ಇಲ್ಲವೋ ತಿಳಿಯುವುದು ಕಷ್ಟವಲ್ಲ. ಬಾಯಿಗೆ ಜೇಡನ ಬಲೆ ಕಟ್ಟಿದ್ದರೆ, ಒಣ ಎಲೆ ಸೇರಿದ್ದರೆ ಖಾಲಿ ಇರಬಹುದು. ಬಾಯಿ ನುಣುಪಾಗಿ, ಮಣ್ಣು ಹೊಸದಾಗಿ ಕಂಡರೆ, ಸುತ್ತ ಹುಲ್ಲು ತುಳಿದು ಮಲಗಿದ್ದರೆ, ಗರಿ, ಎಲುಬು, ಬಾರೆ ಬೀಜದ ಹಿಕ್ಕೆ ಬಿದ್ದಿದ್ದರೆ, ಸಣ್ಣ ಸಣ್ಣ ಹೆಜ್ಜೆ ಇದ್ದರೆ ಒಳಗೆ ಸಂಸಾರ ಇದೆ. ಅನುಮಾನ ಇದ್ದರೆ ಕುರಿಗಾಹಿಯನ್ನು ಕೇಳಿ. ಅವರಷ್ಟು ಬಯಲು ಓದಿದವರು ಇನ್ನೊಬ್ಬರಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಜನವರಿಯಿಂದ ಜೂನ್ ನಡುವೆ ಗಾಯರಾಣ, ಗೋಮಾಳದಲ್ಲಿ ಮಣ್ಣಿನ ಕೆಲಸ ಮಾಡಿಸುವ ಯಾರೇ ಆಗಲಿ, ಪಂಚಾಯಿತಿ, ಅರಣ್ಯ, ಕೃಷಿ, ಕಂಪನಿ, ಖಾಸಗಿ ಹೊಲದವರು, ಗೆರೆ ಹಾಕುವ ಮೊದಲು ಊರಿನ ಒಬ್ಬ ಕುರಿಗಾಹಿಯನ್ನು ಕರೆದುಕೊಂಡು ಅರ್ಧ ದಿನ ನಡೆದು ನೋಡಲಿ. ಆ ಅರ್ಧ ದಿನದ ಕೂಲಿಯನ್ನು ಅವರಿಗೆ ಕೊಡಲಿ, ಪುಕ್ಕಟೆ ಬೇಡ. ಬಿಲ ಸಿಕ್ಕಿದಲ್ಲಿ ಸುತ್ತ ಒಂದಷ್ಟು ಜಾಗಕ್ಕೆ ಸುಣ್ಣ ಹಾಕಿ ಬಿಟ್ಟುಬಿಡಲಿ. ಅಷ್ಟು ತುಂಡು ಮಳೆಗಾಲಕ್ಕೆ ಉಳಿಯಲಿ. ಬಿಲ್ ಆಗುವುದಿಲ್ಲ ಅನ್ನುವ ಡ್ರೈವರ್‌ಗೆ ಹೆದರಿಕೆ ಬೇಡದಂತೆ ಕೆಲಸದ ಆದೇಶದಲ್ಲೇ ಒಂದು ಸಾಲು ಬರೆದರಾಯಿತು. ಒಣ ಹುಲ್ಲಿಗೆ ಬೆಂಕಿ ಹಚ್ಚುವ ಚಟವನ್ನೂ ಅದೇ ತಿಂಗಳುಗಳಲ್ಲಿ ನಿಲ್ಲಿಸಬೇಕು. ಬೆಂಕಿ ಬಿಲದೊಳಗೆ ಹೋಗದಿದ್ದರೂ ಸುತ್ತಲ ಮರೆ ಹೋಗುತ್ತದೆ, ಮರಿಗಳು ನಾಯಿ ಕಣ್ಣಿಗೆ ಬೀಳುತ್ತವೆ.

ಗಂಗಾವತಿ ತಾಲೂಕಿನ ಬಂಕಾಪುರ, ಮಧುಗಿರಿಯ ಮೈದನಹಳ್ಳಿಯಂಥ ಕಡೆ ಬಯಲು ಪ್ರಾಣಿಗಳಿಗೆ ಅಂತ ಸ್ವಲ್ಪ ಜಾಗ ಗುರುತಾಗಿದೆ, ಸಂತೋಷ. ಆದರೆ ನರಿಗೆ ಧಾಮದ ಬೇಲಿ ಗೊತ್ತಿಲ್ಲ. ಅದು ಹೆಚ್ಚಾಗಿ ಇರುವುದು ನಿಮ್ಮ, ನನ್ನ ಹೊಲದ ಅಂಚಿನಲ್ಲೇ.

ಯಾರಿಗಾದರೂ ಈಗ, ಈ ವಾರ, ಮರಿಗಳು ಕಂಡವು ಅಂತಿಟ್ಟುಕೊಳ್ಳಿ. ಮುಟ್ಟಬೇಡಿ, ಬರಿಗೈಯಲ್ಲಂತೂ ಬೇಡವೇ ಬೇಡ, ಕಚ್ಚಿದರೆ ಸೂಜಿ ಚುಚ್ಚಿಸಿಕೊಳ್ಳುತ್ತಾ ಓಡಾಡಬೇಕು. ಹಾಲು ಕುಡಿಸಬೇಡಿ. ನಾಯಿಯನ್ನು ಕಟ್ಟಿ, ದೂರ ಸರಿಯಿರಿ, ಕತ್ತಲಾಗಲು ಬಿಡಿ. ಬಿಲ ಅಗೆದುಹೋಗಿ ಮರಿಗಳು ಬಯಲಲ್ಲಿ ಬಿದ್ದಿದ್ದರೆ, ಗಾಯವಾಗಿದ್ದರೆ, ಅಥವಾ ದೊಡ್ಡ ನರಿ ಸತ್ತಿರುವುದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸಂಪಾದಕರೇ, ಈ ನಾಲ್ಕು ಸಾಲನ್ನು ಪ್ರತಿ ವರ್ಷ ಶಿವರಾತ್ರಿ ವಾರದಲ್ಲಿ ನಿಮ್ಮ ಕೃಷಿ ಪುಟದ ಮೂಲೆಯಲ್ಲಿ ಒಂದು ಡಬ್ಬಿ ಮಾಡಿ ಹಾಕಿ. ಜಾಹೀರಾತು ಸಿಗದ ಮೂಲೆ ಇದ್ದೇ ಇರುತ್ತದಲ್ಲ.

— ಒಬ್ಬ ರೈತ, ಯಲಬುರ್ಗಾ ತಾಲೂಕು, ಕೊಪ್ಪಳ ಜಿಲ್ಲೆ